ಕೈ ಎತ್ತಿದ್ದು ಬೇರೆ ಪ್ರಶ್ನೆಗೆ

ವಿಶ್ವವಿದ್ಯಾಲಯದ ಮುಂದಿನ ಹತ್ತು ವರ್ಷಗಳ ಯೋಜನೆ ಬರೆಯುವ ಕೆಲಸವನ್ನು ಕುಲಪತಿಗಳು ನನಗೆ ಒಪ್ಪಿಸಿದಾಗ ನಾನು ಒಂದೇ ಒಂದು ಷರತ್ತು ಹಾಕಿದೆ. ಕೊಠಡಿಯಲ್ಲಿ ಕೂತು ಬರೆಯುವುದಿಲ್ಲ, ಹಳ್ಳಿಗಳಿಗೆ ಹೋಗಿ ಕೇಳಿಕೊಂಡು ಬಂದು ಬರೆಯುತ್ತೇನೆ ಎಂದೆ. ಅವರು ಕುರ್ಚಿಯಿಂದ ಎದ್ದು ಬಂದರು. “ಅದಕ್ಕೇ ಮೇಡಂ ನಿಮ್ಮನ್ನ ಕರೆದದ್ದು. ಬೇರೆಯವರಿಗೆ ಕೊಟ್ಟಿದ್ರೆ ಹಳೇ ವರದಿ ನೋಡ್ಕೊಂಡು ಇನ್ನೊಂದು ಬರೆದುಬಿಡೋರು” ಅಂದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಮೆಟ್ಟಿಲಿಳಿಯುವಾಗ ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಮ್ಮದು ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ನಡುವೆ ಇರುವ ಸರ್ಕಾರಿ ವಿಶ್ವವಿದ್ಯಾಲಯ. ನಾನು ಅಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆ ಹೊತ್ತಿಗೆ ನಮ್ಮ ಪದವಿ ತರಗತಿಗಳು ಖಾಲಿಯಾಗತೊಡಗಿದ್ದವು. ಮೊದಲು ಹಿಂದಿನ ಬೆಂಚುಗಳು ಹೋದವು, ಆಮೇಲೆ ಮಧ್ಯದವು. ಅಧ್ಯಾಪಕರ ಕೊಠಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು: ಈಗಿನ ಮಕ್ಕಳಿಗೆ ಓದು ಬೇಡ. ನನಗೆ ಆ ಉತ್ತರದ ಮೇಲೆ ನಂಬಿಕೆ ಇರಲಿಲ್ಲ. ಹೆದ್ದಾರಿಯ ಇಕ್ಕೆಲದಲ್ಲೂ ದೊಡ್ಡ ದೊಡ್ಡ ವೇರ್‌ಹೌಸುಗಳು ಎದ್ದಿದ್ದವು. ಪಿಯುಸಿ ಮುಗಿಸಿದ ಹುಡುಗಿಯರನ್ನು ಕರೆದೊಯ್ಯಲು ವ್ಯಾನುಗಳು ಊರೊಳಗೇ ಬರುತ್ತಿದ್ದವು. ನಮ್ಮ ಬೆಂಚು ಬಿಟ್ಟವರು ಎಲ್ಲಿಗೆ ಹೋಗಿದ್ದಾರೆ ಅನ್ನುವುದು ರಸ್ತೆಯಲ್ಲಿ ನಿಂತರೇ ಕಾಣುತ್ತಿತ್ತು. ಅವರಿಗೆ ಓದು ಬೇಡವಾಗಿತ್ತೇ, ಇಲ್ಲವೇ ನಾವು ಬೇಡವಾಗಿದ್ದೆವೇ ಅನ್ನುವುದನ್ನು ಅವರನ್ನೇ ಕೇಳಬೇಕಿತ್ತು.

ನನ್ನ ಜೊತೆಗೆ ಭೂಗೋಳ ವಿಭಾಗದ ಒಬ್ಬ ಸಹಾಯಕ ಪ್ರಾಧ್ಯಾಪಕನನ್ನು ಕೊಟ್ಟರು. ನಂದಗುಡಿ ಹೋಬಳಿಯ ರೈತರ ಮನೆಯ ಹುಡುಗ. ಹಲವು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದು, ಕೊನೆಗೆ ಕಾಯಂ ಆದವನು. ನಕಾಶೆ ಮಾಡುವುದರಲ್ಲಿ ಅವನ ಕೈ ಚೊಕ್ಕ. ಕಚೇರಿಯಲ್ಲಿ ಮೇಡಂ ಅನ್ನುತ್ತಿದ್ದ, ಜೀಪು ಗೇಟು ದಾಟಿದ ಮೇಲೆ ಅಕ್ಕ. ರಂಜಾನ್ ತಿಂಗಳಲ್ಲಿ ಅವನ ಊರಿನ ಕಡೆ ಕೆಲಸವಿದ್ದಾಗ, ನಾನು ಉಪವಾಸ ಇರುವುದು ಗೊತ್ತಾಗಿ, ಅವನ ತಾಯಿ ಹೊತ್ತು ಮುಳುಗುವುದನ್ನೇ ಕಾಯುತ್ತಾ ಹಣ್ಣು ಹೆಚ್ಚಿಟ್ಟುಕೊಂಡು ಕೂತಿದ್ದರು. “ನಮ್ಮನೇಲಿ ನಿನಗಾಗ್ದಿರೋದು ಏನೂ ಇಲ್ಲಮ್ಮ, ಬಾಯಿಗೆ ಹಾಕ್ಕೊ” ಅಂದು ಖರ್ಜೂರದ ತಟ್ಟೆ ಮುಂದಿಟ್ಟರು. ನಮ್ಮ ಹಬ್ಬಕ್ಕೆ ಅವನೂ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದ. ನನಗೆ ತಮ್ಮ ಇಲ್ಲ. ಆ ವರ್ಷ ಇದ್ದ ಅಂದುಕೊಂಡಿದ್ದೆ.

ಮೊದಲ ಸಭೆ ತ್ಯಾಮಗೊಂಡ್ಲಿನಲ್ಲಿ. ಬ್ಯಾನರು, ಮೈಕು, ಸಾಲು ಕುರ್ಚಿ ಎಲ್ಲ ಸಿದ್ಧವಾಗಿತ್ತು. ಬಂದವರು ಪಂಚಾಯ್ತಿ ಸದಸ್ಯರು, ನಿವೃತ್ತ ಮೇಷ್ಟ್ರುಗಳು, ನಮ್ಮದೇ ಕಾಲೇಜುಗಳ ಇಬ್ಬರು ಪ್ರಾಂಶುಪಾಲರು. ಎಲ್ಲರೂ ಶಿಕ್ಷಣದ ಮಹತ್ವದ ಬಗ್ಗೆ ಮಾತಾಡಿದರು. ಓದು ಬಿಟ್ಟ ಒಬ್ಬ ಹುಡುಗಿಯೂ, ಅವಳ ತಾಯಿಯೂ ಅಲ್ಲಿರಲಿಲ್ಲ. ಕೊನೆಗೆ ಶಾಲು ಹೊದಿಸಿ ಕಳಿಸಿದರು. ಜೀಪಿನಲ್ಲಿ ಆ ಶಾಲನ್ನು ಮಡಚಿ ಪಕ್ಕಕ್ಕಿಟ್ಟೆ. ಅವನೇ ಹೇಳಿದ: “ಅಕ್ಕ, ನಾವು ಕರೆದ ಕಡೆ ಅವರು ಬರಲ್ಲ. ಅವರಿರೋ ಕಡೆ ನಾವೇ ಹೋಗ್ಬೇಕು. ಹಾಲಿನ ಡೈರೀಗೆ ಹೋಗೋಣ. ಹಾಲು ಹಾಕೋಕೆ ಹೆಂಗಸರು ಬಂದೇ ಬರ್ತಾರಲ್ಲ.”

ಆ ಉಪಾಯ ಅವನದು. ಅದನ್ನು ಇವತ್ತಿಗೂ ಅವನ ಹೆಸರಿಗೇ ಬರೆಯುತ್ತೇನೆ.

ನಂದಗುಡಿ ಹೋಬಳಿಯಲ್ಲಿ ಅವನ ಊರಿನ ಪಕ್ಕದ ಹಳ್ಳಿಯನ್ನು ಆರಿಸಿಕೊಂಡೆವು. ಅಲ್ಲಿನ ಡೈರಿಯ ಕಾರ್ಯದರ್ಶಿ ಒಬ್ಬ ಹೆಂಗಸು. ಗಟ್ಟಿ ದನಿ, ಯಾರ ಮುಲಾಜೂ ಇಲ್ಲ. ನಾವು ಬಂದ ವಿಷಯ ಹೇಳಿದಾಗ ಹಾಲು ಅಳೆಯುತ್ತಲೇ, “ಸರ್ವೇನಾ?” ಅಂತ ಕೇಳಿದರು.

“ಅಲ್ಲ, ಸುಮ್ನೆ ಮಾತಾಡೋಕೆ ಬಂದ್ವಿ” ಅಂದೆ.

“ಸುಮ್ನೆ ಮಾತಾಡೋಕೆ ಸರ್ಕಾರದ ಜೀಪು ಯಾಕ್ ಬರ್ತದೆ ಮೇಡಂ?” ಅಂದರು. ಆದರೂ ಎರಡು ಸ್ಟೂಲು ಹಾಕಿಸಿದರು. ಮೂರನೇ ಭೇಟಿಯ ಹೊತ್ತಿಗೆ ಮನೆಯ ವಿಷಯ ಹೇಳಿಕೊಂಡರು. ಅವರ ಮಗಳು ಪಿಯುಸಿಯಲ್ಲಿ ಚೆನ್ನಾಗಿ ಪಾಸಾಗಿ, ಹೊಸಕೋಟೆ ರಸ್ತೆಯ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. “ಕಾಲೇಜಿಗೆ ಕಳಿಸ್ಬಾರ್ದು ಅಂತಲ್ಲ. ಒಂದ್ ವಾರ ಬೆಳಗಿನ ಶಿಫ್ಟು, ಇನ್ನೊಂದ್ ವಾರ ಮಧ್ಯಾಹ್ನದ್ದು. ನಿಮ್ಮ ಕಾಲೇಜು ಮಾತ್ರ ದಿನಾ ಒಂದೇ ಟೈಮಿಗೆ ತೆಗೀತದೆ. ಅವಳು ಕೆಲಸ ಬಿಟ್ಟು ಬರ್ಬೇಕು, ಇಲ್ಲಾ ಓದು ಬಿಡ್ಬೇಕು. ಬಿಟ್ಲು.”

ಒಂದು ಸಂಜೆ ಅವರೇ ಹೆಂಗಸರನ್ನು ಸೇರಿಸಿದರು. ಡೈರಿಯ ಮುಂದಿನ ಕಟ್ಟೆ ತುಂಬಿತು, ರಸ್ತೆಯಲ್ಲೂ ನಿಂತರು. ಒಬ್ಬೊಬ್ಬರೇ ಮಾತಾಡಲು ಹಿಂಜರಿದರು. ಅದಕ್ಕೆ ನಾನು ಎದ್ದು ನಿಂತು ಕೇಳಿದೆ: “ನಿಮ್ಮಲ್ಲಿ ಎಷ್ಟು ಜನರ ಮನೆ ಹೆಣ್ಣುಮಕ್ಕಳು ಆಸೆ ಇದ್ದೂ ಓದು ಬಿಟ್ಟಿದ್ದಾರೆ? ಕೈ ಎತ್ತಿ.”

ಮೊದಲು ಕಾರ್ಯದರ್ಶಿ ಎತ್ತಿದರು. ಆಮೇಲೆ ಒಂದೊಂದಾಗಿ, ಕೊನೆಗೆ ಕಟ್ಟೆಯ ತುಂಬ ಕೈಗಳು. ಹಾಲಿನ ಕ್ಯಾನು ಹಿಡಿದಿದ್ದವರು ಅದನ್ನು ಇನ್ನೊಂದು ಕೈಗೆ ಬದಲಾಯಿಸಿ ಎತ್ತಿದರು. ನನ್ನ ತಮ್ಮನಂಥವನು ಎದುರಿಗಿನ ಮನೆಯ ಜಗಲಿ ಹತ್ತಿ ಮೊಬೈಲಿನಲ್ಲಿ ಫೋಟೋ ತೆಗೆದ.

ಆ ಸಂಜೆಯಿಂದಲೇ ಯೋಜನೆಗೆ ಒಂದು ರೂಪ ಬಂತು. ನಾನು ಬರೆದದ್ದು ಇಷ್ಟು: ಹೋಬಳಿ ಮಟ್ಟದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಕಟ್ಟಡದಲ್ಲೇ, ಶಾಲೆ ಆರಂಭವಾಗುವ ಮುಂಚೆ ಮತ್ತು ಬಿಟ್ಟ ಮೇಲೆ, ಪದವಿ ತರಗತಿ ನಡೆಸುವುದು. ಬೆಳಿಗ್ಗೆ ಹೇಳಿದ ಪಾಠವನ್ನೇ ಸಂಜೆ ಮತ್ತೆ ಹೇಳುವುದು. ಬೆಳಗಿನ ಶಿಫ್ಟಿನವರು ಸಂಜೆ ಬರುತ್ತಾರೆ, ಮಧ್ಯಾಹ್ನದ ಶಿಫ್ಟಿನವರು ಬೆಳಿಗ್ಗೆ. ವಾರ ಬದಲಾದರೆ ಅವರೂ ಬದಲಾಗುತ್ತಾರೆ. ಮೊದಲ ಕೇಂದ್ರ ನಂದಗುಡಿಯಲ್ಲಿ, ಅದು ಒಂದು ವರ್ಷ ನಡೆದರೆ ತ್ಯಾಮಗೊಂಡ್ಲಿನಲ್ಲಿ ಎರಡನೆಯದು.

ಕೇಳಲು ಸುಲಭ. ಮಾಡಲು ಹೋದಾಗ ಪ್ರತಿ ಹೆಜ್ಜೆಗೂ ಒಂದು ನಿಯಮ ಅಡ್ಡ ಬಂತು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಹಾಜರಿ ಲೆಕ್ಕ ನಡೆಯುವುದು ಸೆಕ್ಷನ್ ಪ್ರಕಾರ. ಬೆಳಗಿನ ಸೆಕ್ಷನ್ನಿನ ಹುಡುಗಿ ಸಂಜೆ ಬಂದು ಕೂತರೆ ಎರಡು ಕಡೆಯೂ ಗೈರುಹಾಜರಿ. ಪರೀಕ್ಷಾ ವಿಭಾಗದ ಕುಲಸಚಿವರು ನನ್ನ ಕರಡನ್ನು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ನಾನು ಪದಗಳನ್ನೇ ಬದಲಾಯಿಸಿದೆ: ಸೆಕ್ಷನ್ ಒಂದೇ, ಅದಕ್ಕೆ ದಿನಕ್ಕೆ ಎರಡು ಬೈಠಕ್ಕು, ವಿದ್ಯಾರ್ಥಿ ಯಾವುದಕ್ಕೆ ಬಂದರೂ ಆ ಪಾಠಕ್ಕೆ ಹಾಜರಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇದಕ್ಕೆ ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ” ಅಂತ ಸಹಿ ಹಾಕಿದರು.

ಅಧ್ಯಾಪಕರ ಸಂಘ ಮುನಿಸಿಕೊಂಡಿತು. ಸಂಜೆ ಪಾಠ ಮಾಡಿ ಮನೆ ಸೇರುವುದು ಯಾವಾಗ ಅನ್ನುವ ಅವರ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ಸಂಜೆಯ ಪಾಠ ಮಾಡಿದವರಿಗೆ ಮರುದಿನ ಬೆಳಗಿನ ಅವಧಿ ಇಲ್ಲದಂತೆ ವೇಳಾಪಟ್ಟಿ ಹೊಂದಿಸಿದೆವು. ಒಂದು ವಿಭಾಗಕ್ಕೆ ಹೊಂದಿಸಿದರೆ ಇನ್ನೊಂದಕ್ಕೆ ತಪ್ಪುತ್ತಿತ್ತು. ನಾನೂ ಅವನೂ ವಿಭಾಗದ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಬಣ್ಣದ ಚೀಟಿ ಸರಿಸುತ್ತಾ ದಿನಗಟ್ಟಲೆ ನಿಂತೆವು. ಅವನು ಪ್ರತಿ ಹಳ್ಳಿಯಿಂದ ನಂದಗುಡಿಗೆ ಬಸ್ಸು, ಆಟೋ, ನಡಿಗೆಯ ದಾರಿ ತೋರಿಸುವ ನಕಾಶೆ ಮಾಡಿದ. ಹುಡುಗಿಯರು ಒಬ್ಬರೇ ನಡೆಯಲು ಅಂಜುವ ತೋಪಿನ ದಾರಿಯನ್ನು ಬೇರೆ ಬಣ್ಣದಲ್ಲಿ ಗುರುತಿಸಿದ. ಅಂಥ ಕೆಲಸವನ್ನು ಮನಸ್ಸಿಲ್ಲದೆ ಮಾಡಲು ಬರುವುದಿಲ್ಲ ಅಂತ ನಾನು ನಂಬಿದ್ದೆ. ಈಗಲೂ ಅದು ಪೂರಾ ಸುಳ್ಳು ಅನ್ನಿಸುವುದಿಲ್ಲ.

ಕರಡು ಮುಗಿದಾಗ ಕುಲಪತಿಗಳು ಓದಿ, “ಇದು ಕಣ್ರೀ ಯೋಜನೆ ಅಂದ್ರೆ” ಅಂದರು. ಅಂದ ಮಾಡಿಸಿ ಅಚ್ಚಿಗೆ ಕಳಿಸುವುದನ್ನು ಭೂಗೋಳ ವಿಭಾಗದ ಆ ನನ್ನ ಸಹೋದ್ಯೋಗಿಗೆ ವಹಿಸಿದರು. ನಾನು ಮೌಲ್ಯಮಾಪನದ ಕೆಲಸಕ್ಕೆ ಹೋದೆ. ಡೈರಿಯ ಕಾರ್ಯದರ್ಶಿಗೆ ಫೋನು ಮಾಡಿ, “ಈ ವರ್ಷವೇ ಶುರುವಾಗ್ತದೆ, ಮಗಳಿಗೆ ಹೇಳಿ” ಅಂದಿದ್ದೆ.

ಯೋಜನೆಗೆ ಒಪ್ಪಿಗೆ ಕೊಡಬೇಕಾದ ಸಿಂಡಿಕೇಟ್ ಸಭೆಗೆ ನನ್ನನ್ನು ವಿಶೇಷ ಆಹ್ವಾನಿತೆಯಾಗಿ ಕರೆದರು. ಅಚ್ಚಾದ ಪುಸ್ತಕ ಅಲ್ಲೇ ಮೇಜಿನ ಮೇಲೆ ಕೈಗೆ ಸಿಕ್ಕಿತು. ಮುಖಪುಟದಲ್ಲಿ ಸಂಯೋಜಕಿ ಅಂತ ನನ್ನ ಹೆಸರು. ತೆರೆಯುವಷ್ಟರಲ್ಲಿ ದೀಪ ಆರಿಸಿ ಪರದೆ ಹಾಕಿದರು. ಸಹೋದ್ಯೋಗಿ ಎದ್ದು ನಿಂತು ಮಂಡಿಸತೊಡಗಿದ.

ಮೊದಲ ಕೆಲವು ಪುಟ ನನ್ನವೇ. ಖಾಲಿ ಬೆಂಚು, ವೇರ್‌ಹೌಸು, ಓದು ಬಿಟ್ಟ ಹುಡುಗಿಯರು, ಎಲ್ಲ ನಾನು ಬರೆದ ವಾಕ್ಯಗಳು. ಆಮೇಲೆ ಪರಿಹಾರ ಅಂತ ಬಂದದ್ದು ನಾನು ಕಂಡು ಕೇಳರಿಯದ್ದು. ನಂದಗುಡಿ ಹೋಬಳಿಯಲ್ಲಿ, ಅದೇ ಹಳ್ಳಿಯ ಗೋಮಾಳದಲ್ಲಿ, ಖಾಸಗಿ ಪಾಲುದಾರರ ಜೊತೆ ಸೇರಿ ‘ಜ್ಞಾನನಗರ’. ಪರದೆಯ ಮೇಲೆ, ಊರ ದನ ಮೇಯುವ ಆ ಜಾಗಕ್ಕೆ ಗಾಜಿನ ಕಟ್ಟಡ, ಅತಿಥಿಗೃಹ, ತರಬೇತಿ ಅಕಾಡೆಮಿ ಎಲ್ಲ ಬಂದಿತ್ತು. ಶಿಫ್ಟಿನ ತರಗತಿ ಎಲ್ಲೂ ಇರಲಿಲ್ಲ. ಅವನು ಹುಡುಗಿಯರಿಗಾಗಿ ಮಾಡಿದ ನಕಾಶೆಯ ಮೇಲೇ ಗೋಮಾಳಕ್ಕೆ ಹೋಗುವ ಅಗಲ ರಸ್ತೆಯ ಗೆರೆ ಎಳೆದಿತ್ತು.

ಮುಂದಿನ ಚಿತ್ರದಲ್ಲಿ ಡೈರಿ ಕಟ್ಟೆ ಕಂಡಿತು. ಎತ್ತಿದ ಕೈಗಳು, ಅವುಗಳ ಮುಂದೆ ನಾನು. ಕೆಳಗೆ ದಪ್ಪಕ್ಷರದಲ್ಲಿ: ‘ಯೋಜನೆಗೆ ಕೈ ಎತ್ತಿ ಒಪ್ಪಿಗೆ ಸೂಚಿಸಿದ ಗ್ರಾಮಸ್ಥರು’.

ಯಾರೋ ಚಪ್ಪಾಳೆ ತಟ್ಟಿದರು. ಕುಲಪತಿಗಳು, “ಇದರ ಶ್ರೇಯಸ್ಸೆಲ್ಲ ಮೇಡಂಗೆ ಸಲ್ಲಬೇಕು. ಜನರ ವಿಶ್ವಾಸ ಗಳಿಸಿದವರು ಅವರು. ಎರಡು ಮಾತಾಡಿ ಮೇಡಂ” ಅಂದರು.

ನಾನು ಎದ್ದೆ. “ಈ ಕೈಗಳು ಎತ್ತಿದ್ದು ಈ ಯೋಜನೆಗಲ್ಲ. ನಿಮ್ಮ ಮನೆ ಹೆಣ್ಣುಮಕ್ಕಳು ಓದು ಬಿಟ್ಟಿದ್ದಾರಾ ಅಂತ ನಾನು ಕೇಳಿದ್ದೆ, ಅದಕ್ಕೆ ಎತ್ತಿದ್ದು. ಗೋಮಾಳದ ಮಾತು ಅಲ್ಲಿ ಯಾರೂ ಎತ್ತಲಿಲ್ಲ” ಅಂದೆ.

ಒಬ್ಬ ಹಿರಿಯ ಸದಸ್ಯರು ಕೇಳಿದರು: “ಅಂದ್ರೆ ನೀವು ಅಭಿವೃದ್ಧಿಗೆ ವಿರೋಧವೇ?”

“ನಾನು ಫೋಟೋದ ವಿಷಯ ಹೇಳ್ತಿದ್ದೀನಿ ಸರ್. ಅದರ ಕೆಳಗೆ ಬರೆದಿರೋದು ಸುಳ್ಳು.”

ಕುಲಪತಿಗಳು ನಗುಮುಖದಲ್ಲೇ ಇದ್ದರು. “ಮೇಡಂ ಹಳ್ಳಿ ಹಳ್ಳಿ ಸುತ್ತಿ ದಣಿದಿದ್ದಾರೆ. ಸ್ವಲ್ಪ ಭಾವುಕರಾಗಿದ್ದಾರೆ. ಜನಕ್ಕೆ ವಿದ್ಯೆ ಬೇಕು ಅಂತಾಯ್ತಲ್ಲ, ನಾವು ಕೊಡ್ತಿರೋದೂ ಅದನ್ನೇ” ಅಂದರು. ಯೋಜನೆ ಅಂಗೀಕಾರವಾಯಿತು. ನನ್ನ ಹೆಸರು ತೆಗೆಯಿರಿ ಅಂತ ಕೇಳಿಕೊಂಡೆ. ಆಗಲಿ ಅಂದರು. ಫೋಟೋ ತೆಗೆಯಿರಿ ಅಂದೆ. ಕುಲಪತಿಗಳು ಮುಂದಿನ ವಿಷಯ ಎತ್ತಿಕೊಂಡರು.

ಹೊರಗೆ ವರಾಂಡದಲ್ಲಿ ಅವನನ್ನು ನಿಲ್ಲಿಸಿದೆ. “ಯಾವಾಗಿಂದ?” ಅಂತಷ್ಟೇ ಕೇಳಿದೆ.

ಅವನು ಮುಖ ತಪ್ಪಿಸಲಿಲ್ಲ. “ತ್ಯಾಮಗೊಂಡ್ಲಿಗೆ ಹೋಗೋಕೆ ಮುಂಚೇನೇ ವಿ.ಸಿ. ಸರ್ ಹೇಳಿದ್ರು. ಜನರನ್ನ ಸೇರಿಸೋಕೆ ನಿಮ್ಮಂಥವರೇ ಬೇಕು, ನೀವು ಬರೆದ್ರೆ ಯಾರೂ ಅನುಮಾನ ಪಡಲ್ಲ ಅಂತ. ಯೋಜನೆ ಜಾರಿಗೆ ನಿರ್ದೇಶಕನ ಹುದ್ದೆ ಅಂದ್ರು. ಎಷ್ಟು ವರ್ಷ ಅತಿಥಿ ಅನ್ನಿಸ್ಕೊಂಡು ಬಾಗಿಲಾಚೆ ನಿಂತಿದ್ದೆ ಅಕ್ಕ, ನಿಮಗೆ ಗೊತ್ತು.”

“ನಿನ್ನೂರಿನ ಪಕ್ಕದ ಗೋಮಾಳ ಅದು.”

“ಇವತ್ತಲ್ಲ ನಾಳೆ ಆ ಜಾಗ ಯಾರಾದ್ರೂ ತಗೋತಾರೆ. ಸುತ್ತಾ ನೋಡಿ, ಏನು ಉಳಿದಿದೆ? ಕಂಪನಿಯವರು ತಗೊಳ್ಳೋಕಿಂತ ವಿಶ್ವವಿದ್ಯಾಲಯ ತಗೊಂಡ್ರೆ ವಾಸಿ ಅಲ್ವಾ?”

“ಹಾಗಾದ್ರೆ ಅದನ್ನೇ ಅವರಿಗೆ ಹೇಳಿ ಕೈ ಎತ್ತಿಸ್ಬೇಕಿತ್ತು.”

“ಎತ್ತುತಿರ್ಲಿಲ್ಲ” ಅಂದ. ತೀರಾ ಸಲೀಸಾಗಿ ಅಂದುಬಿಟ್ಟ. ಕುಲಪತಿಗಳ ಮೇಲೆ ಸಿಟ್ಟು ಬಂದಿತ್ತು, ಅದು ಸಿಟ್ಟಾಗಿಯೇ ಉಳಿಯಿತು. ಇವನ ಮಾತು ಬೇರೆ ತರಹ ಒಳಗೆ ಇಳಿಯಿತು. ಗೋಡೆಯ ಹಾಳೆಯ ಮುಂದೆ ನಿಂತು ಚೀಟಿ ಸರಿಸುವಾಗೆಲ್ಲ, ಅವೆಲ್ಲ ಎಲ್ಲೂ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ನನ್ನ ಮನೆಯಲ್ಲಿ ಊಟ ಮಾಡುವಾಗಲೂ ಗೊತ್ತಿತ್ತು.

ಹೋಬಳಿಗೆ ಹೋಗಿ ನಾನೇ ಹೇಳುವುದೋ, ಪತ್ರಿಕೆಯಲ್ಲಿ ಬರಲಿ ಅಂತ ಬಿಡುವುದೋ ಅಂತ ಮರುದಿನವೆಲ್ಲ ಯೋಚಿಸಿದೆ. ವಿಭಾಗದಲ್ಲಿ ಹಿತೈಷಿಗಳು, ನಿವೃತ್ತಿಗೆ ಹತ್ತಿರ ಇದ್ದೀರಿ, ಸುಮ್ಮನಿರಿ ಅಂದರು. ಸುಮ್ಮನಿದ್ದರೆ ಆ ಫೋಟೋದಲ್ಲಿ ನಾನು ನಿಂತಿರುವ ಜಾಗ ಸರಿ ಅಂತಾಗುತ್ತಿತ್ತು. ಸಂಜೆ ಬಸ್ಸು ಹಿಡಿದು ಹೋದೆ.

ಹಾಲು ಹಾಕುವ ಹೊತ್ತು. ಕಾರ್ಯದರ್ಶಿ ನನ್ನನ್ನು ಕಂಡು, “ಬನ್ನಿ ಬನ್ನಿ, ಕ್ಲಾಸು ಯಾವತ್ತಿಂದ?” ಅಂದರು. ಅವರ ಮಗಳೂ ಅಲ್ಲಿದ್ದಳು, ಕೆಲಸದಿಂದ ಬಂದು ತಾಯಿಗೆ ಕ್ಯಾನು ಎತ್ತಿಕೊಡುತ್ತಿದ್ದಳು. ನಾನು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಫೋಟೋದ ಕೆಳಗೆ ಏನು ಬರೆದಿದ್ದಾರೆ ಅನ್ನುವುದನ್ನೂ ಹೇಳಿದೆ.

ಕಾರ್ಯದರ್ಶಿ ಅಳತೆ ನಿಲ್ಲಿಸಿದರು. “ನಮ್ಮ ಕೈ ತೋರ್ಸಿ ನಮ್ಮ ಗೋಮಾಳ ಕೇಳ್ತಾವ್ರಾ?”

“ಹೌದು.”

“ನಿಮಗೆ ಗೊತ್ತಿರ್ಲಿಲ್ವಾ ಮೇಡಂ?”

“ಇರ್ಲಿಲ್ಲ.”

ಅವರು ನನ್ನನ್ನೇ ನೋಡುತ್ತಿದ್ದರು. ನಂಬಲೋ ಬೇಡವೋ ಅಂತ ತೂಗುತ್ತಿದ್ದರು. ಕ್ಯೂನಲ್ಲಿದ್ದ ಒಬ್ಬಾಕೆ, “ಎತ್ತಿ ಅಂದೋರು ಇವರೇ ತಾನೆ” ಅಂದರು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ನಾನೂ ಅಲ್ಲಗಳೆಯಲಿಲ್ಲ. ಯಾರೋ ನನಗೆ ಹಾಕಿದ್ದ ಸ್ಟೂಲು ಹಾಗೇ ಖಾಲಿ ಇತ್ತು, ಕೂರಬೇಕು ಅನ್ನಿಸಲಿಲ್ಲ. ಕೊನೆಗೆ ಕಾರ್ಯದರ್ಶಿ, “ಗ್ರಾಮಸಭೆ ಕರೆಸ್ತೀವಿ. ಅಲ್ಲಿ ಬಂದು ಇದನ್ನೇ ಹೇಳ್ತೀರಾ? ಅಧಿಕಾರಿಗಳ ಮುಂದೆ?” ಅಂತ ಕೇಳಿದರು.

ಹೇಳುತ್ತೇನೆ ಅಂದೆ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ತಾಲ್ಲೂಕು ಕಚೇರಿಯ ಅಧಿಕಾರಿಯೊಬ್ಬರು ಬಂದಿದ್ದರು. ವಿಶ್ವವಿದ್ಯಾಲಯದ ಪರವಾಗಿ ನನ್ನ ಸಹೋದ್ಯೋಗಿ ಬಂದಿದ್ದ, ಆಗಲೇ ನಿರ್ದೇಶಕನಾಗಿ. ಅವನ ಮಾತು ಮುಗಿದ ಮೇಲೆ ನಾನು ಮೈಕು ತೆಗೆದುಕೊಂಡು, ಆ ಸಂಜೆ ನಾನು ಕೇಳಿದ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಮತ್ತೆ ಹೇಳಿದೆ. ಅಧಿಕಾರಿ, “ನೀವು ಅದೇ ವಿಶ್ವವಿದ್ಯಾಲಯದವರಲ್ವಾ?” ಅಂದರು. ಹೌದು ಅಂದೆ. ಜನರ ನಡುವೆ ಗದ್ದಲವೇನೂ ಆಗಲಿಲ್ಲ. ಗೋಮಾಳ ಕೊಡುವುದಿಲ್ಲ ಅಂತ ಒಬ್ಬೊಬ್ಬರೇ ಎದ್ದು ಹೇಳಿದರು. ಅಧಿಕಾರಿ, ಒಪ್ಪದವರು ಕೈ ಎತ್ತಿದರೆ ಬರೆದುಕೊಳ್ಳಲು ಸುಲಭ ಅಂದಾಗ ಕಾರ್ಯದರ್ಶಿ ಎದ್ದು, “ಕೈ ಎತ್ತಲ್ಲ ಸ್ವಾಮಿ. ಬಾಯಲ್ಲೇ ಹೇಳ್ತೀವಿ, ಒಬ್ಬೊಬ್ಬರದೇ ಬರ್ಕೊಳ್ಳಿ” ಅಂದರು. ಅವರು ಬರೆದುಕೊಂಡರು. ಬಹಳ ಹೊತ್ತು ಹಿಡಿಯಿತು. ನನ್ನ ಸಹೋದ್ಯೋಗಿಯ ತಾಯಿಯೂ ಪಕ್ಕದೂರಿಂದ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದರು. ಮಗನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

ನನಗೆ ಕಾರಣ ಕೇಳಿ ನೋಟಿಸು ಬಂತು. ಆ ಸಂಜೆ ನಾನು ಕೇಳಿದ ಪ್ರಶ್ನೆ ಯಾವುದು ಅಂತ ಸಾಕ್ಷಿ ಹೇಳಿದ್ದೇನೆ, ಬೇರೇನೂ ಮಾಡಿಲ್ಲ ಅಂತ ಉತ್ತರಿಸಿದೆ. ಸಮಿತಿಗಳಿಂದ ನನ್ನನ್ನು ಕೈಬಿಟ್ಟರು. ಗೋಮಾಳದ ಪ್ರಸ್ತಾವ ಬಿದ್ದುಹೋಯಿತು. ಜ್ಞಾನನಗರಕ್ಕೆ ಬೇರೆ ಕಡೆ ಜಾಗ ಹುಡುಕತೊಡಗಿದರು. ಕುಲಪತಿಗಳ ಅವಧಿ ಮುಗಿದು, ಹಾರ ತುರಾಯಿ ಹಾಕಿಸಿಕೊಂಡು ಹೋದರು. ಶಿಫ್ಟಿನ ತರಗತಿಯನ್ನಾದರೂ ಉಳಿಸಿಕೊಡಿ ಅಂತ ಹೊಸಬರ ಬಳಿ ಹೋಗಿ ಕೇಳಿದೆ. “ನಂದಗುಡಿಯೇ? ಅಲ್ಲಿನ ಜನಕ್ಕೆ ನಾವು ಬೇಡ ಅಂತಲ್ಲವೇ ದಾಖಲಾಗಿರೋದು” ಅಂದರು. ಜಾಗ ಉಳಿಯಿತು, ತರಗತಿ ಹೋಯಿತು. ಅದೆರಡೂ ಒಟ್ಟಿಗೆ ಇರಬಹುದಿತ್ತು ಅನ್ನುವುದನ್ನು ಆ ಕಟ್ಟಡದಲ್ಲಿ ಕೇಳಿಸಿಕೊಳ್ಳುವವರು ಯಾರೂ ಉಳಿದಿರಲಿಲ್ಲ.

ಮುಂದಿನ ವರ್ಷ ಪರೀಕ್ಷೆಯ ಕೆಲಸಕ್ಕೆ ಅಂತ ಹೊಸಕೋಟೆಗೆ ಹೋಗಿದ್ದೆ. ಮಧ್ಯಾಹ್ನದ ಮೇಲೆ ಬಸ್ ನಿಲ್ದಾಣದಲ್ಲಿ ಯಾರೋ ಮೇಡಂ ಅಂದರು. ಕಾರ್ಯದರ್ಶಿಯ ಮಗಳು, ವೇರ್‌ಹೌಸಿನ ಕಿತ್ತಳೆ ಬಣ್ಣದ ಜಾಕೆಟ್ಟು ತೋಳ ಮೇಲೆ ಹಾಕಿಕೊಂಡಿದ್ದಳು.

“ಕ್ಲಾಸು ಈ ವರ್ಷಾನೂ ಇಲ್ವಾ ಮೇಡಂ?” ಅಂತ ಕೇಳಿದಳು.

“ಇಲ್ಲಮ್ಮ.”

“ಸರಿ ಬಿಡಿ. ಅಂಚೇಲಿ ಓದೋದಕ್ಕೆ ಫೀಸು ಕಟ್ಟಿದ್ದೀನಿ, ಬಿ.ಎ. ಪುಸ್ತಕ ಬಂದಿದೆ. ಎಕನಾಮಿಕ್ಸ್ ಒಂದು ಅಕ್ಷರ ತಲೆಗೆ ಹೋಗ್ತಿಲ್ಲ.” ಬ್ಯಾಗಿನಿಂದ ಪುಸ್ತಕ ತೆಗೆದು, ಬೇಡಿಕೆಯ ರೇಖೆ ಇರುವ ಪುಟ ತೋರಿಸಿದಳು. “ಬೆಲೆ ಇಳಿದ್ರೆ ಜನ ಜಾಸ್ತಿ ತಗೋತಾರೆ ಅನ್ನೋದು ಗೊತ್ತು. ಈ ಗೆರೆಯೇ ಪಕ್ಕಕ್ಕೆ ಸರಿಯೋದು ಯಾಕೆ ಅಂತ ಗೊತ್ತಾಗ್ತಿಲ್ಲ.”

ನಾನು ಶುರು ಮಾಡುವಷ್ಟರಲ್ಲಿ ಅವಳ ಬಸ್ಸು ಬಂತು. ನನ್ನದು ದೇವನಹಳ್ಳಿ ಕಡೆಯದು, ಇನ್ನೂ ಬಂದಿರಲಿಲ್ಲ. ನಾನು ಅವಳ ಹಿಂದೆಯೇ ಹತ್ತಿದೆ. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತು, ಟೊಮೇಟೊ ಉದಾಹರಣೆ ಹೇಳುತ್ತಾ ಹೋದೆ. ಅವಳೂ ನಿಂತೇ ಪುಸ್ತಕದ ಅಂಚಿನಲ್ಲಿ ಗೆರೆ ಎಳೆದುಕೊಂಡಳು. ಪಕ್ಕದ ಸೀಟಿನ ಮುದುಕರೊಬ್ಬರು, ಟೊಮೇಟೊ ರೇಟು ಈಗ ಎಲ್ಲಿದೆ ಅಂತ ನಡುವೆ ಬಾಯಿ ಹಾಕಿದರು.

ಅವಳ ಊರು ಬಂದಾಗ ಅರ್ಧ ಪಾಠ ಬಾಕಿ ಇತ್ತು. ಇಳಿಯುತ್ತಾ, “ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ಮತ್ತೆ ಇದೇ ಶಿಫ್ಟು ಮೇಡಂ” ಅಂದಳು. ಬರ್ತೀನಿ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಆ ಊರಿಗೆ ನಾನು ಕೊಟ್ಟ ಮಾತು ಆಗಲೇ ಸಾಕಷ್ಟಿತ್ತು. ತಲೆಯಾಡಿಸಿದೆ ಅಷ್ಟೆ.

ಅವಳು ಹೇಳಿದ ವಾರ, ವಿಶ್ವವಿದ್ಯಾಲಯದ ಪಾಠ ಮುಗಿಸಿ ಹೊಸಕೋಟೆಗೆ ಹೋಗಿ ಅದೇ ನಿಲ್ದಾಣದಲ್ಲಿ ನಿಂತೆ.